ಪಾವಗಡದಲ್ಲಿ ಪ್ರಳಯ: ಸೂಪರ್‌ಪವರ್ ಬಂದ ಮೇಲೂ ಮೋಟಾರ್ ಓಡಿಸೋದು ಯಾರು?

ಕಂತುಕೋರ
ವಾರಕ್ಕೊಂದರಂತೆ ಅರವತ್ತು ಕಂತಿನ ಧಾರಾವಾಹಿಯ ಚೌಕಟ್ಟು ಇದು. ಸೌರ ಬಿರುಗಾಳಿ ಬೀಸಿ ಜಗತ್ತಿನ ಕರೆಂಟು ಹೋಗುತ್ತೆ. ಮೊಬೈಲು, ಬೈಕು, ಇನ್ವರ್ಟರು ಎಲ್ಲ ಸುಟ್ಟುಹೋಗುತ್ತವೆ. ಹದಿನೈದು ದಿನ ಕಳೆದ ಮೇಲೆ ಸಾಮಾನ್ಯ ಜನರಲ್ಲಿ ಕೆಲವರಿಗೆ ಶಕ್ತಿ ಬರುತ್ತೆ. ಜಾಗ ಪಾವಗಡ ತಾಲ್ಲೂಕು. ಅಲ್ಲಿ ಸೋಲಾರ್ ಪಾರ್ಕ್ ಇದೆಯಲ್ಲ, ರಾಜ್ಯದಲ್ಲಿ ಉಳಿಯುವ ಕೊನೆಯ ಬೆಳಕು ಅದೇ ಅನ್ನೋದು ಕಥೆಯ ನಡುಗಂಬ. ಪಾತ್ರಗಳು: ಕೈಯಿಂದ ಕರೆಂಟು ಹರಿಸುವ ಲೈನ್‌ಮ್ಯಾನ್, ಗಾಯ ಮುಚ್ಚುವ ಆಶಾ ಕಾರ್ಯಕರ್ತೆ, ನೀರನ್ನು ಹೆಪ್ಪುಗಟ್ಟಿಸುವ ಐಸ್‌ಕ್ಯಾಂಡಿ ಹುಡುಗಿ, ಹಾರುವ ಬಸ್ ಕಂಡಕ್ಟರ್, ಕಾರು ಎತ್ತುವ ಹಮಾಲಿ. ಎಲ್ಲೆಲ್ಲಿ ತೂತಿದೆ ಹೇಳಿ. ಹೊಗಳಿಕೆ ಬೇಡ.

ಫ್ಯೂಸ್_ಹೋಯ್ತು
ಮೊದಲ ತೂತು ಮೊದಲ ವಾಕ್ಯದಲ್ಲೇ ಇದೆ ಸರ್. ಸೌರ ಬಿರುಗಾಳಿ ಮೊಬೈಲು, ಬೈಕು ಸುಡೋದಿಲ್ಲ. ಅದು ಭೂಮಿಯ ಕಾಂತಕ್ಷೇತ್ರವನ್ನು ನಿಧಾನವಾಗಿ ಅಲ್ಲಾಡಿಸುತ್ತೆ. ಆ ಅಲ್ಲಾಟಕ್ಕೆ ಕರೆಂಟು ಹುಟ್ಟಬೇಕಾದರೆ ನೂರಾರು ಕಿಲೋಮೀಟರ್ ಉದ್ದದ ತಂತಿ ಬೇಕು. ಅದಕ್ಕೇ 1859ರಲ್ಲಿ ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದ್ದು, 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಗ್ರಿಡ್ (ವಿದ್ಯುತ್ ಜಾಲ) ಕುಸಿದು 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿ ಕೂತಿದ್ದು. ಜೇಬಿನ ಫೋನಲ್ಲಿರೋ ತಂತಿ ಗೇಣುದ್ದ ಇಲ್ಲ, ಅದಕ್ಕೇನೂ ಆಗಲ್ಲ. ಇನ್ನೊಂದು ವಿಷಯ: ಕ್ವಿಬೆಕ್ ಕಾಂತಧ್ರುವಕ್ಕೆ ಹತ್ತಿರ. ನಾವಿರೋದು ಕಾಂತೀಯ ಸಮಭಾಜಕದ ಪಕ್ಕ, ನಮಗೆ ತಟ್ಟುವ ಪೆಟ್ಟು ಬಹಳ ಕಡಿಮೆ.

ಗ್ರಿಡ್ ಬೀಳಿಸೋಕೆ ಸೂರ್ಯನೇ ಯಾಕೆ ಬೇಕು? 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಪೂರ್ತಿ ಕತ್ತಲಾಯ್ತು, ಎರಡನೇ ದಿನ ಪೂರ್ವ, ಈಶಾನ್ಯವೂ ಸೇರಿಕೊಂಡವು. ದಕ್ಷಿಣ ಉಳಿದಿದ್ದು ಆಗಿನ್ನೂ ನಮ್ಮ ಗ್ರಿಡ್ ಅವರ ಜೊತೆ ತಾಳ ಸೇರಿರಲಿಲ್ಲ ಅನ್ನೋ ಕಾರಣಕ್ಕೆ. ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಸೇರಿದ್ದು 2013ರ ಡಿಸೆಂಬರ್ 31ರಂದು. ಈಗ ದೇಶವೆಲ್ಲ ಒಂದೇ 50 ಹರ್ಟ್ಸ್, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ 50 ಸಲ. ಒಂದು ಕಡೆ ಬಿದ್ದದ್ದು ಇನ್ನೊಂದು ಕಡೆಯನ್ನೂ ಎಳೆಯಬಹುದು. ನಿಮ್ಮ ಕಥೆಗೆ ಇಷ್ಟು ಸಾಕು.

ಕಷ್ಟದ ಪ್ರಶ್ನೆ ಇರೋದು ಬೇರೆ ಕಡೆ. ಬಿದ್ದದ್ದು ಯಾಕೆ ಏಳಲಿಲ್ಲ? ಕಲ್ಲಿದ್ದಲು ಘಟಕ ಏಳೋಕೆ ಹೊರಗಿನ ಕರೆಂಟು ಬೇಕು. ಜಲವಿದ್ಯುತ್ತಿಗೆ ಬೇಡ, ಒಂದು ಡೀಸೆಲ್ ಜನರೇಟರ್ ಇದ್ದು ಗೇಟು, ಎಣ್ಣೆ ಪಂಪು ಓಡಿದರೆ ಸಾಕು. ಜೋಗದ ಹತ್ತಿರದ ಶರಾವತಿಯಲ್ಲಿ 103.5 ಮೆಗಾವ್ಯಾಟಿನ 10 ಯಂತ್ರಗಳಿವೆ. ಜೋಗದಲ್ಲೇ ಮಹಾತ್ಮ ಗಾಂಧಿ ವಿದ್ಯುದಾಗಾರದಲ್ಲಿ 13.2 ಮೆಗಾವ್ಯಾಟಿನ ನಾಲ್ಕು, 21.6ರ ನಾಲ್ಕು. ಕಥೆಯಲ್ಲಿ ಮೊದಲು ಏಳಬೇಕಾದ್ದು ಆ ಚಿಕ್ಕವೇ. ನೂರು ಮೆಗಾವ್ಯಾಟಿನ ಯಂತ್ರಕ್ಕೆ ಎರಡು ಮೆಗಾವ್ಯಾಟಿನ ಊರು ಕಟ್ಟಿದರೆ ಒಂದು ರೈಸ್ ಮಿಲ್ಲು ಆನ್ ಆಫ್ ಆದಾಗಲೂ ಹರ್ಟ್ಸ್ ಏರಿಳಿದು ಟ್ರಿಪ್ ಆಗುತ್ತೆ. ಹಾಗಾಗಿ ನಿಮ್ಮ "ಕೊನೆಯ ಬೆಳಕು" ಪಾವಗಡದ್ದಲ್ಲ, ಸಾಗರ ತಾಲ್ಲೂಕಿನದು.

ಕಂತುಕೋರ
ಪಾವಗಡದಲ್ಲಿ 2,050 ಮೆಗಾವ್ಯಾಟ್ ಇದೆ! ಬಿಸಿಲಿಗೆ ಬರವೇ ಇಲ್ಲದ ಊರು. ಅದು ಯಾಕೆ ಓಡಲ್ಲ?

ಫ್ಯೂಸ್_ಹೋಯ್ತು
ಅಲ್ಲಿನ ಇನ್ವರ್ಟರುಗಳು ಗ್ರಿಡ್ ನೋಡಿ ಹೆಜ್ಜೆ ಹಾಕುವ ಜಾತಿಯವು. ಹೊರಗಿನಿಂದ 50 ಹರ್ಟ್ಸ್ ಅಲೆ ಬಂದರೆ ಮಾತ್ರ ತಮ್ಮ ಅಲೆಯನ್ನು ಅದಕ್ಕೆ ಸೇರಿಸುತ್ತವೆ. ಅಲೆ ನಿಂತ ಕೂಡಲೇ ತಾವೂ ನಿಲ್ಲುತ್ತವೆ, ಲೈನ್ ಮೇಲೆ ಕೆಲಸ ಮಾಡುವವನ ಜೀವ ಹೋಗಬಾರದು ಅಂತಲೇ ಹಾಗೆ ಮಾಡಿರೋದು. 13,000 ಎಕರೆ ಪ್ಯಾನಲ್ ಬಿಸಿಲಲ್ಲಿ ಹೊಳೀತಾ ಇರುತ್ತೆ, ಒಂದು ಬಲ್ಬೂ ಉರಿಯಲ್ಲ. ಇದನ್ನ ತಪ್ಪು ಅಂತ ಮುಚ್ಚಿಡಬೇಡಿ, ಕಥೆಗೇ ಹಾಕಿ. ಮೊದಲ ಐದು ಕಂತು ಜನ ಪಾರ್ಕಿಗಾಗಿ ಹೊಡೆದಾಡಲಿ, ಗೆದ್ದವರಿಗೆ ಆರನೇ ಕಂತಿನಲ್ಲಿ ಈ ಸತ್ಯ ಗೊತ್ತಾಗಲಿ.

ಪ್ಯಾನಲ್ ಬಿಚ್ಚಿ ಬಳಸಬಹುದು. 72 ಸೆಲ್ಲಿನ ಪ್ಯಾನಲ್ ಓಡುವಾಗ ಸುಮಾರು 37 ವೋಲ್ಟ್ ಕೊಡುತ್ತೆ. 16 ಪ್ಯಾನಲ್ ಸಾಲಾಗಿ ಜೋಡಿಸಿದರೆ 590 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು). 415 ವೋಲ್ಟಿನ ತ್ರೀ ಫೇಸ್ ಮೋಟಾರ್ ಓಡಿಸುವ ಸೋಲಾರ್ ಪಂಪ್ ಡ್ರೈವಿಗೆ, ಅಂದರೆ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆಗೆ, ಬೇಕಾದ್ದು ಇದೇ ಮಟ್ಟ. 5 ಎಚ್‌ಪಿ ಮೋಟಾರ್ ಬಿಸಿಲಿರುವಷ್ಟು ಹೊತ್ತು ಓಡುತ್ತೆ. ಅಂದರೆ ಊರೂರಿಗೆ ಅಮೂಲ್ಯವಾಗೋದು ಪ್ಯಾನಲ್ ಅಲ್ಲ, ಡ್ರೈವ್ ಪೆಟ್ಟಿಗೆ. ಸರ್ಕಾರಿ ಯೋಜನೆಯಲ್ಲಿ ಸೋಲಾರ್ ಪಂಪ್ ಹಾಕಿಸಿಕೊಂಡ ರೈತನ ಮನೆಗೆ ಕಳ್ಳರು ಬರೋದು ಅದಕ್ಕೇ.

ಬಿಚ್ಚುವಾಗ ಯಾರಾದರೂ ಸಾಯಲೇಬೇಕು, ಅದೂ ದಡ್ಡತನದಿಂದಲ್ಲ. ಪಾರ್ಕಿನ ಸಾಲುಗಳಲ್ಲಿ ಸಾವಿರ ವೋಲ್ಟ್ ಮೇಲಿನ ಡಿಸಿ ಇರುತ್ತೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟೋದರಿಂದ ಕಿಡಿ ತಾನೇ ಆರುತ್ತೆ, ಡಿಸಿಯ ಕಿಡಿ ಆರಲ್ಲ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಬೆಂಕಿಯ ದಾರ ಕೈಯ ಹಿಂದೆಯೇ ಬರುತ್ತೆ. ಪ್ಯಾನಲಿಗೆ ಆಫ್ ಸ್ವಿಚ್ಚಿಲ್ಲ, ಬಿಸಿಲೇ ಅದರ ಸ್ವಿಚ್ಚು. ಕೆಲಸವೆಲ್ಲ ರಾತ್ರಿ.

ಮುದ್ದೆಲೆಕ್ಕ
ಎಲ್ಲರೂ ಕರೆಂಟು ಕರೆಂಟು ಅಂತಿದೀರಿ. ಈ ಶಕ್ತಿಗಳಿಗೆ ಇಂಧನ ಎಲ್ಲಿಂದ ಬರುತ್ತೆ ಅನ್ನೋದನ್ನೇ ಯಾರೂ ಕೇಳಿಲ್ಲ. ಅದು ತೀರ್ಮಾನ ಆಗದೆ ಒಂದು ಕಂತೂ ಬರೀಬೇಡಿ. ಊಟದಿಂದಲೇ ಅಂದುಕೊಳ್ಳೋಣ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 330 ಕಿಲೋಕ್ಯಾಲರಿ. ಒಂದು ಯೂನಿಟ್ ಕರೆಂಟು ಅಂದರೆ 860 ಕಿಲೋಕ್ಯಾಲರಿ. ದಿನಕ್ಕೆ 2,400 ತಿನ್ನುವ ಮನುಷ್ಯನ ಇಡೀ ದಿನದ ಊಟ ಮೂರು ಯೂನಿಟ್ಟೂ ಇಲ್ಲ. ನಿಮ್ಮ ಲೈನ್‌ಮ್ಯಾನ್ 5 ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿಸಿದರೆ 3.7 ಯೂನಿಟ್. ಒಂದು ಚೂರೂ ವ್ಯರ್ಥವಾಗದಿದ್ದರೂ ಅವನು ಉಸಿರಾಡೋಕೆ ಏನೂ ಉಳಿಯಲ್ಲ.

ಕಂಡಕ್ಟರ್ ಗತಿ ಇನ್ನೂ ಕೆಟ್ಟದ್ದು. 70 ಕೆಜಿ ದೇಹ ಗಾಳಿಯನ್ನು ಕೆಳಕ್ಕೆ ತಳ್ಳಿ ನಿಂತಲ್ಲೇ ತೇಲಬೇಕು ಅಂದರೆ, ತಳ್ಳುವ ಗಾಳಿಯ ಕಂಬದ ಅಡ್ಡಳತೆ ಒಂದು ಚದರ ಮೀಟರ್ ಇದ್ದಾಗ, 11.6 ಕಿಲೋವ್ಯಾಟ್ ಬೇಕು. ಒಂದು ಗಂಟೆಗೆ 30 ಮುದ್ದೆ. ನಮ್ಮ ಸ್ನಾಯುವಿನ ಹಾಗೆ ಕಾಲುಭಾಗ ಮಾತ್ರ ಕೆಲಸಕ್ಕೆ ಬಂದರೆ 120 ಮುದ್ದೆ. ಕೆಳಗೆ ಬೀಸುವ ಗಾಳಿ ಗಂಟೆಗೆ 120 ಕಿಲೋಮೀಟರ್ ವೇಗದ್ದು. ಕಣದ ಮೇಲೆ ಹಾರಿದರೆ ರಾಶಿ ಹೋಯ್ತು ಅಂತಲೇ ಲೆಕ್ಕ, ಹೆಂಚೂ ಉಳಿಯಲ್ಲ. ಅದೇ ನೂರು ಚದರ ಮೀಟರ್ ಗಾಳಿಯನ್ನು ಮೆಲ್ಲಗೆ ತಳ್ಳೋಕೆ ಬಂದರೆ 1.2 ಕಿಲೋವ್ಯಾಟ್ ಸಾಕು. ಅವನ ಕಲಿಕೆ ಅಂದರೆ ಇದೇ, ಜೋರು ಹೆಚ್ಚಿಸೋದಲ್ಲ, ಹರವು ಹೆಚ್ಚಿಸೋದು.

ಹಮಾಲಿ ಮಾತ್ರ ಅಗ್ಗ. ಒಂದು ಟನ್ ಕಾರನ್ನು ಒಂದು ಮೀಟರ್ ಎತ್ತಲು ಎರಡೂವರೆ ಕಿಲೋಕ್ಯಾಲರಿಯೂ ಬೇಡ, ಮುದ್ದೆಯ ಒಂದು ಚಿಟಿಕೆ. ಅವನ ತೊಂದರೆ ಪಾದದ್ದು. ಎರಡು ಪಾದ ಸೇರಿ 350 ಚದರ ಸೆಂಟಿಮೀಟರ್, ಮೇಲೆ 1,070 ಕೆಜಿ, ಚದರ ಸೆಂಟಿಮೀಟರಿಗೆ 3 ಕೆಜಿ. ಮಳೆ ಬಿದ್ದ ಎರೆಹೊಲ ಒಂದು ಕೆಜಿಯನ್ನೂ ತಡೆಯಲ್ಲ, ಮಂಡಿವರೆಗೆ ಹೂತುಹೋಗ್ತಾನೆ. ಬಂಪರ್ ಹಿಡಿದು ಎತ್ತಿದರೆ ಬಂಪರ್ ಮಾತ್ರ ಕೈಗೆ ಬರುತ್ತೆ. ಜಾಕ್ ಕೊಡುವ ಜಾಗ ಗೊತ್ತಿರಬೇಕು, ಕಾಲಡಿಗೆ ಹಲಗೆ ಬೇಕು.

ಘಟ್ಟದ_ಕೆಳಗೆ
ಎಂಥ ಮಾರಾಯ್ರೆ, ಓಡುವವ ಒಬ್ಬನೂ ಇಲ್ವಾ? ಗಂಟೆಗೆ 400 ಕಿಲೋಮೀಟರ್ ಓಡುವವನನ್ನು ಹಾಕಿ, ಮಂಗಳೂರಿಂದ ಪಾವಗಡಕ್ಕೆ ಒಂದು ಗಂಟೆಯೊಳಗೆ ಉಪ್ಪು ತಂದು ಕೊಡ್ತಾನೆ.

ಮುದ್ದೆಲೆಕ್ಕ
ಕಾಲು ಜಾರುತ್ತೆ. ಓಡೋದು ಅಂದರೆ ನೆಲವನ್ನು ಹಿಂದಕ್ಕೆ ಒದೆಯೋದು. 70 ಕೆಜಿ ಮನುಷ್ಯನಿಗೆ ಒಣ ಟಾರ್ ರಸ್ತೆ ಕೊಡುವ ಹಿಡಿತ ಸುಮಾರು 550 ನ್ಯೂಟನ್. ಗಂಟೆಗೆ 150 ಕಿಲೋಮೀಟರ್ ಆಸುಪಾಸಿನಲ್ಲಿ ಎದುರುಗಾಳಿಯ ತಡೆಯೇ ಅಷ್ಟಾಗುತ್ತೆ, ಅದಕ್ಕಿಂತ ಮೇಲೆ ಎಷ್ಟು ಶಕ್ತಿ ಇದ್ದರೂ ನಿಂತಲ್ಲೇ ಹೆಜ್ಜೆ ಹಾಕಿದಂತೆ. ಆ ವೇಗದಿಂದ ಕಾಲಿನ ಹಿಡಿತವೊಂದರಿಂದಲೇ ನಿಲ್ಲೋಕೆ ಸುಮಾರು 110 ಮೀಟರ್ ಬೇಕು. ತಿರುವಿರುವ ಘಾಟಿಯಲ್ಲಿ ಅವನಿಗಿಂತ ಸರ್ಕಾರಿ ಬಸ್ಸೇ ವಾಸಿ. ಉಪ್ಪಿನ ಮಾತು ಮಾತ್ರ ಸರಿ.

ಘಟ್ಟದ_ಕೆಳಗೆ
ಹಾಗಾದ್ರೆ ಉಪ್ಪು ಹಳೇ ದಾರಿಯಲ್ಲೇ ಬರಬೇಕಷ್ಟೆ. ಗೋಕರ್ಣದ ಪಕ್ಕ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆ ಇದೆ, ಬೇಸಿಗೆಯಲ್ಲಿ ಮಾತ್ರ ಕೆಲಸ. ಮಳೆ ಹಿಡಿದ ಮೇಲೆ ಒಂದು ಕಾಳೂ ಆಗುದಿಲ್ಲ. ಹಾಗಾಗಿ ಜಗತ್ತು ಯಾವ ತಿಂಗಳು ಮುಳುಗುತ್ತದೆ ಅಂತ ಮೊದಲು ಹೇಳಿ. ಜೂನಲ್ಲಿ ಮುಳುಗಿದರೆ ಮುಂದಿನ ಬೇಸಿಗೆವರೆಗೆ ಗೋಡೌನಲ್ಲಿ ಇದ್ದ ಉಪ್ಪೇ ಗತಿ.

ಕಂತುಕೋರ
ಏಪ್ರಿಲ್ ಅಂದುಕೊಂಡಿದ್ದೆ. ಬಿಸಿಲು, ಧೂಳು, ದೃಶ್ಯಕ್ಕೆ ಚೆನ್ನಾಗಿರುತ್ತೆ.

ರಾಗಿಕಣ
ಏಪ್ರಿಲಲ್ಲಿ ಮುಳುಗಿಸಿದರೆ ಮೊದಲ ಕಂತಿನಲ್ಲೇ ಅರ್ಧ ಊರು ಖಾಲಿ ಮಾಡಿಕೊಂಡು ಹೋಗುತ್ತೆ. ಕೆರೆ ಬತ್ತಿರುತ್ತೆ, ಬೋರು ಓಡಲ್ಲ. ಡಿಸೆಂಬರ್ ಇಡಿ. ರಾಗಿ ಕೊಯ್ದು ಒಕ್ಕಣೆ ನಡೆದಿರುತ್ತೆ, ಮುಂಗಾರಿಗೆ ಆರು ತಿಂಗಳಿದೆ, ಜನಕ್ಕೆ ಹೊಟ್ಟೆಗಿದೆ ಆದರೆ ನೀರಿಲ್ಲ. ಅರವತ್ತು ಕಂತಿಗೆ ಆ ಆರು ತಿಂಗಳು ಸಾಕು.

ಬಿತ್ತನೆ ಬೀಜದ ಬಗ್ಗೆಯೂ ಒಂದು ಮಾತು. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಜಿಪಿಯು-28 ತಳಿ ಬೆಳೆದವನು ಮನೆಯ ಕಾಳನ್ನೇ ಮತ್ತೆ ಬಿತ್ತಬಹುದು. ಹೈಬ್ರಿಡ್ ಜೋಳ, ಟೊಮೆಟೊ ಹಾಗಲ್ಲ, ಮರುವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತೆ, ಇಳುವರಿ ಬೀಳುತ್ತೆ.

ದಾಸ್ತಾನಿಗೆ ಹಗೇವು ಬಳಸಿ. ಗಟ್ಟಿ ನೆಲದಲ್ಲಿ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಮಾಡಿ ತೋಡಿದ ಗುಂಡಿ, ಒಳಗೆ ಹುಲ್ಲಿನ ಹಾಸು, ಮೇಲೆ ಚಪ್ಪಡಿ ಮತ್ತು ಮಣ್ಣಿನ ಮೆತ್ತು. ರಾಗಿ ವರ್ಷಗಟ್ಟಲೆ ಕೆಡಲ್ಲ. ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಮುಗಿದುಹೋಗುತ್ತೆ, ಹುಳ ಸಾಯೋದು ಅದರಿಂದಲೇ. ಬಾಯಿ ತೆಗೆದ ತಕ್ಷಣ ಇಳಿದವನೂ ಹಾಗೇ ಸಾಯ್ತಾನೆ. ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕದಿಯಲು ಬಂದ ನಾಲ್ವರು ಒಬ್ಬರ ಹಿಂದೊಬ್ಬರು ಇಳಿದು ಮೇಲೆ ಬರದ ಕಂತು ಬರೀರಿ. ವಿಲನ್ ಕೊಲ್ಲೋಕೆ ಸೂಪರ್‌ಪವರ್ ಬೇಡ.

ಅರ್ಧವಿರಾಮ
ಓದುಗನ ಕಡೆಯಿಂದ ಒಂದು ತಕರಾರು. ಹೀಗೆ ಮುದ್ದೆ ಲೆಕ್ಕ ಹಾಕುತ್ತ ಕೂತರೆ ಯಾರಿಗೂ ಏನೂ ಮಾಡಲಾಗದು, ಸೂಪರ್‌ಪವರ್ ಕಥೆಯೇ ಉಳಿಯುವುದಿಲ್ಲ. ಪ್ರಕಾರದ ಸುಖವೇ ಅದು, ನಿನ್ನೆವರೆಗೆ ಟಿಕೆಟ್ ಹರಿಯುತ್ತಿದ್ದವನು ಇವತ್ತು ಹಾರುತ್ತಾನೆ. ಅದನ್ನು ಕಿತ್ತುಕೊಂಡು ಅವನ ಕೈಗೆ ತಕ್ಕಡಿ ಕೊಟ್ಟರೆ ಯಾರು ಓದುತ್ತಾರೆ?

ಮುದ್ದೆಲೆಕ್ಕ
ಹಾರಲಿ, ಬೇಡ ಅಂದವರಾರು. ಒಂದೇ ಒಂದು ಸುಳ್ಳು ಹೇಳೋಕೆ ಕಥೆಗಾರನಿಗೆ ಹಕ್ಕಿದೆ, ಆ ಒಂದನ್ನು ಎಲ್ಲಿ ಖರ್ಚು ಮಾಡ್ತೀರಿ ಅನ್ನೋದಷ್ಟೇ ಪ್ರಶ್ನೆ. ಶಕ್ತಿ ಶೂನ್ಯದಿಂದ ಹುಟ್ಟುತ್ತೆ ಅಂದರೆ ಅದಕ್ಕೆ ಮೇರೆಯೇ ಇಲ್ಲ. ಹತ್ತನೇ ಕಂತಿನಲ್ಲಿ ಕಾರೆತ್ತಿದವನು ಐವತ್ತನೇ ಕಂತಿನಲ್ಲಿ ಬೆಟ್ಟ ಎತ್ತಬೇಕಾಗುತ್ತೆ, ಆಮೇಲೆ ಚಂದ್ರ. ಉದ್ದದ ಸರಣಿಗಳು ಹದಗೆಡೋದು ಬಹುಪಾಲು ಇಲ್ಲೇ. ನನ್ನ ಸಲಹೆ: ಊಟದ ಬದಲು ಸುತ್ತಲಿನ ಬಿಸಿಯನ್ನು ಹೀರಿ ಕೆಲಸವಾಗಿಸುವ ಶಕ್ತಿ ಕೊಡಿ. ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ (ಸುತ್ತಲಿನ ಬಿಸಿಯನ್ನಷ್ಟೇ ಹೀರಿ ಪೂರ್ತಿ ಕೆಲಸವಾಗಿಸೋಕಾಗಲ್ಲ ಅನ್ನೋದು) ಮುರಿಯುತ್ತೆ, ಅದೇ ನಿಮ್ಮ ಒಂದು ಸುಳ್ಳು. ಮಿಕ್ಕ ಲೆಕ್ಕವೆಲ್ಲ ನಿಜ.

ಗಾಳಿಯಲ್ಲಿ ಬಿಸಿ ಕಡಿಮೆ. ಶಾಲೆಯ ಒಂದು ಕೊಠಡಿಯ ಗಾಳಿ, 140 ಘನ ಮೀಟರ್, ಹತ್ತು ಡಿಗ್ರಿ ತಣ್ಣಗಾದರೂ ಸಿಗೋದು ಅರ್ಧ ಯೂನಿಟ್. ನೀರು ಹಾಗಲ್ಲ. ಒಂದು ಘನ ಮೀಟರ್ ನೀರು ಒಂದೇ ಡಿಗ್ರಿ ಇಳಿದರೆ 1.16 ಯೂನಿಟ್. ನಾಲ್ಕು ಮೀಟರ್ ಅಗಲದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ ಒಂದು ಡಿಗ್ರಿಗೆ 73 ಯೂನಿಟ್. ಅಂದರೆ ಶಕ್ತಿ ಇರೋದು ಮನುಷ್ಯನಲ್ಲಿ, ಅವನ ಇಂಧನ ಬಾವಿಯಲ್ಲಿ. ಕೆರೆ ಯಾರದೋ ಅವರೇ ದೊರೆ.

ಮೇರೆ ಹಾಕೋದು ಚರ್ಮ. ಮೈಯ ಚರ್ಮ ಸುಮಾರು 1.8 ಚದರ ಮೀಟರ್. ನೀರು 25 ಡಿಗ್ರಿ, ಚರ್ಮ 15ಕ್ಕೆ ಇಳಿದರೆ ಒಳಬರುವ ಬಿಸಿ ಹೆಚ್ಚುಕಮ್ಮಿ 2 ಕಿಲೋವ್ಯಾಟ್. ಕುತ್ತಿಗೆವರೆಗೆ ನೀರಲ್ಲಿ ನಿಂತವನಿಗೆ 2 ಕಿಲೋವ್ಯಾಟ್, ಅದಕ್ಕಿಂತ ಹೆಚ್ಚು ಎಳೆದರೆ ಚರ್ಮ ಮರಗಟ್ಟುತ್ತೆ. ಹೊತ್ತು ಮೀರಿದರೆ ಒಳಮೈ 35 ಡಿಗ್ರಿಗಿಂತ ಕೆಳಗೆ ಹೋಗಿ ಮಾತು ತೊದಲುತ್ತೆ, ಬೆರಳು ಮಾತು ಕೇಳಲ್ಲ, ಆಮೇಲೆ ಅಪಾಯ. ಹಾರುವವನೂ ಇದೇ ಗೆರೆಯೊಳಗೆ. ನೂರು ಚದರ ಮೀಟರ್ ಗಾಳಿ ತಳ್ಳೋಕೆ ಕಲಿತ ಮೇಲಷ್ಟೇ ಏಳ್ತಾನೆ, ಅದೂ ಕೆರೆಯ ಮೇಲೆ, ಕಾಲು ನೀರಿಗೆ ತಾಗುತ್ತಿರುವ ತನಕ.

ಅರ್ಧವಿರಾಮ
ಇದು ಒಪ್ಪಿಗೆ. ಪಾವಗಡದಲ್ಲಿ ತೆರೆದ ಬಾವಿಗಳಲ್ಲಿ ನೀರೇ ಇಲ್ಲವಲ್ಲ ಎಂಬ ಆಕ್ಷೇಪವೇ ಕಥೆಯ ಬೀಜವಾಗುತ್ತದೆ. ಪ್ಯಾನಲ್ ಇರುವಲ್ಲಿ ನೀರಿಲ್ಲ, ನೀರಿರುವಲ್ಲಿ ಪ್ಯಾನಲ್ ಇಲ್ಲ.

ಫ್ಯೂಸ್_ಹೋಯ್ತು
ಆ 2 ಕಿಲೋವ್ಯಾಟಿಗೆ ಎಷ್ಟು ನೀರು ಬರುತ್ತೆ ಅಂತ ಹಾಕಿ ನೋಡಿದೆ. ಮೋಟಾರ್, ಪಂಪ್ ಸೇರಿ ಅರ್ಧ ಸೋರಿಹೋಗುತ್ತೆ ಅಂತಿಟ್ಟುಕೊಳ್ಳಿ. 20 ಮೀಟರ್ ಆಳದಿಂದಾದರೆ ಗಂಟೆಗೆ 18,000 ಲೀಟರ್. ಸಾವಿರ ಅಡಿ ಬೋರಿಂದ, ಅಂದರೆ 300 ಮೀಟರಿಂದ, 1,200 ಲೀಟರ್. ಅಷ್ಟು ಆಳಕ್ಕೆ ಇಳಿಸುವ ಮೋಟಾರನ್ನು 2 ಕಿಲೋವ್ಯಾಟ್ ತಿರುಗಿಸೋದೂ ಇಲ್ಲ.

ಈಗ ಜನ. 2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮೀಣ ಜನಸಂಖ್ಯೆ 3.75 ಕೋಟಿ, ಗ್ರಾಮ ಪಂಚಾಯಿತಿಗಳು ಹೆಚ್ಚುಕಮ್ಮಿ 6,000. ಪಂಚಾಯಿತಿಗೆ ಸರಾಸರಿ 6,250. ಜಲಜೀವನ ಮಿಷನ್ ಅಳತೆ ತಲೆಗೆ 55 ಲೀಟರ್, ಒಂದು ಪಂಚಾಯಿತಿಗೆ ದಿನಕ್ಕೆ 3.4 ಲಕ್ಷ ಲೀಟರ್. ಒಬ್ಬ ಶಕ್ತಿವಂತ 20 ಮೀಟರಿಂದ ಎತ್ತಿದರೂ 19 ಗಂಟೆ. ಆಗಲ್ಲ. ವಿಪತ್ತಿನ ಅಳತೆ 15 ಲೀಟರಿಗೆ ಇಳಿಸಿದರೆ 94,000 ಲೀಟರ್, ಐದು ಗಂಟೆ ಚಿಲ್ಲರೆ. ಇದಾಗುತ್ತೆ, ಮಧ್ಯೆ ಮಧ್ಯೆ ಮೇಲೆ ಬಂದು ಮೈ ಕಾಯಿಸಿಕೊಂಡರೆ. ನಿಮ್ಮ ನಾಯಕನ ದಿನಚರಿ ಸಿಕ್ಕಿತು ನೋಡಿ, ಊರಿನ ಮೋಟಾರ್ ಅವನೇ. ಯಾವ ಓಣಿಗೆ ಎಷ್ಟು ಹೊತ್ತು ಅನ್ನೋ ಪಟ್ಟಿ ಪಂಚಾಯಿತಿ ಬಾಗಿಲ ಮೇಲೆ ಅಂಟಿಸಿದ ದಿನ ರಾಜಕೀಯ ಶುರು.

ಬೆಂಗಳೂರು ಯಾಕೆ ಖಾಲಿಯಾಯ್ತು ಅಂತ ಯಾರಾದರೂ ಕೇಳಿದರೆ ಉತ್ತರ ಇದು: ಕಾವೇರಿ ನೀರು ಬರೋದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್, ಮೂರು ಹಂತದಲ್ಲಿ ಪಂಪ್ ಮಾಡಿ 500 ಮೀಟರಿನಷ್ಟು ಮೇಲಕ್ಕೆ. ಕಾವೇರಿ ಯೋಜನೆಯ ಐದನೇ ಹಂತಕ್ಕೂ ಮೊದಲಿನ, ದಿನಕ್ಕೆ 1,450 ದಶಲಕ್ಷ ಲೀಟರಿನ ಲೆಕ್ಕವನ್ನೇ ಹಿಡಿದರೂ, ಎಲ್ಲೂ ಸೋರಿಕೆ ಇಲ್ಲದೆ, ಹಗಲೂ ರಾತ್ರಿ 82 ಮೆಗಾವ್ಯಾಟ್. 2 ಕಿಲೋವ್ಯಾಟಿನವರು 41,000 ಜನ ಬೇಕು.

ಕಂತುಕೋರ
ಅಷ್ಟು ಜನ ಇರಲ್ಲ. ಎಷ್ಟು ಮಂದಿಗೆ ಶಕ್ತಿ ಬರಬೇಕು ಅಂತಲೇ ತೀರ್ಮಾನಿಸಿಲ್ಲ.

ಮುದ್ದೆಲೆಕ್ಕ
6,250ಕ್ಕೆ ಒಬ್ಬರು ಅಂತಿಡಿ, ಪಂಚಾಯಿತಿಗೆ ಸರಾಸರಿ ಒಬ್ಬರು. "ಸರಾಸರಿ" ಅನ್ನೋದರಲ್ಲೇ ಕಥೆ ಇದೆ. ಯಾರಿಗೆ ಬರುತ್ತೆ ಅನ್ನೋದು ಕುರುಡು ಅದೃಷ್ಟವಾದರೆ ನೂರಕ್ಕೆ 37 ಪಂಚಾಯಿತಿಯಲ್ಲಿ ಒಬ್ಬರೂ ಇರಲ್ಲ, 37ರಲ್ಲಿ ಒಬ್ಬರು, 18ರಲ್ಲಿ ಇಬ್ಬರು, 8ರಲ್ಲಿ ಮೂರು ಅಥವಾ ಹೆಚ್ಚು. 2,200 ಪಂಚಾಯಿತಿಗೆ ಯಾರೂ ಇಲ್ಲ, 480ಕ್ಕೆ ಮೂರು ಅಥವಾ ಹೆಚ್ಚು ಜನ. ಅಪಹರಣ, ಮದುವೆ ಸಂಬಂಧ, ಬಾಡಿಗೆ, ಸುಳ್ಳು ಬಾಬಾಗಳು, ಎಲ್ಲ ಆ ಅಂಕಿಗಳ ನಡುವಿನಿಂದಲೇ ಹುಟ್ಟುತ್ತೆ. ನಿಮ್ಮ ಐದೂ ಪಾತ್ರಗಳು ಒಂದೇ ಊರಿನವರಾಗೋದು ಇನ್ನೂರೈವತ್ತಕ್ಕೆ ಒಂದು ಪಂಚಾಯಿತಿಯಲ್ಲೂ ಆಗಲ್ಲ. ಚದುರಿಸಿ.

ಎಲುಬುಗೂಡು
ಆಶಾ ಕಾರ್ಯಕರ್ತೆಯ ಬಗ್ಗೆ ಯಾರೂ ಮಾತಾಡಿಲ್ಲ. ಐವರಲ್ಲಿ ಅತಿ ಅಪಾಯಕಾರಿ ಶಕ್ತಿ ಅವರದು. ಗಾಯ ಬೇಗ ಮುಚ್ಚೋದು ಒಳ್ಳೆಯದೇ ಆಗಬೇಕಿಲ್ಲ. ಧನುರ್ವಾಯುವಿನ ರೋಗಾಣು ಆಮ್ಲಜನಕ ಇಲ್ಲದ ಕಡೆ ಬೆಳೆಯುತ್ತೆ. ಗೊಬ್ಬರ, ಮಣ್ಣು ಸೇರಿದ ಗಾಯವನ್ನು ಕ್ಷಣದಲ್ಲಿ ಮುಚ್ಚಿದರೆ ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ನಾಯಿ ಕಡಿತವಾದರೆ ಹರಿಯುವ ನೀರು, ಸೋಪಲ್ಲಿ 15 ನಿಮಿಷ ತೊಳೆಯಬೇಕು, ಹೊಲಿಗೆಯನ್ನೂ ಸಾಧ್ಯವಾದಷ್ಟು ತಡ ಮಾಡಬೇಕು. ಶೀತಲ ಸರಪಳಿ (ಲಸಿಕೆಯನ್ನು ಉದ್ದಕ್ಕೂ ತಣ್ಣಗಿಡುವ ವ್ಯವಸ್ಥೆ) ಇಲ್ಲದೆ ರೇಬೀಸ್ ಲಸಿಕೆ ಉಳಿದಿರಲ್ಲ, ಆ 15 ನಿಮಿಷವೇ ಇರೋ ಚಿಕಿತ್ಸೆ. ಆ ನೀರೂ ನಿಮ್ಮ ಪಟ್ಟಿಯಿಂದಲೇ ಬರಬೇಕು.

ಮೂಳೆ ಇನ್ನೂ ಕಷ್ಟ. ಮುರಿದ ಮೂಳೆ ಸೊಟ್ಟಗಿದ್ದಾಗ ಕೈಯಿಟ್ಟರೆ ಸೊಟ್ಟಗೇ ಕೂಡಿಕೊಳ್ಳುತ್ತೆ, ಮತ್ತೆ ಮುರಿಯಬೇಕು. ಮೊದಲು ಒಬ್ಬರು ತೊಡೆ ಹಿಡಿದು, ಇನ್ನೊಬ್ಬರು ಹಿಮ್ಮಡಿ ಹಿಡಿದು ಎಳೆದು ನೇರ ಮಾಡಿ, ಎರಡೂ ಕಾಲಿನ ಉದ್ದ ಒಂದೇ ಇದೆಯಾ ನೋಡಿ, ಆಮೇಲೆ ಶಕ್ತಿ. ಅಂದರೆ ಮೂಳೆ ಕಟ್ಟುವ ನಾಟಿ ವೈದ್ಯ ಜೊತೆಗೆ ಬೇಕೇ ಬೇಕು, ಶಕ್ತಿ ಇಲ್ಲದ ಆ ಅಜ್ಜ ಇಲ್ಲದೆ ಆಕೆ ಅರ್ಧ. ಕೂಡಲು ಬೇಕಾದ ಸುಣ್ಣದಂಶ ರೋಗಿಯ ಮೈಯಿಂದಲೇ ಬರಬೇಕು ಅಂತ ನಿಯಮ ಮಾಡಿ. ಬಾಣಂತಿಗೆ ಮೂಳೆ ಕೂಡಿಸಿದರೆ ಹಲ್ಲು ಅಲುಗಾಡಲಿ.

ಫ್ಯೂಸ್_ಹೋಯ್ತು
ಲೈನ್‌ಮ್ಯಾನ್ ತನ್ನ ಕರೆಂಟನ್ನು ಊರ ಲೈನಿಗೆ ಬಿಡುವ ದೃಶ್ಯ ಖಂಡಿತ ಬರೀತೀರಿ. ಎಚ್ಚರ. ಟಿಸಿ, ಅಂದರೆ ಊರ ಟ್ರಾನ್ಸ್‌ಫಾರ್ಮರ್, ಎರಡೂ ಕಡೆ ಕೆಲಸ ಮಾಡುತ್ತೆ. 11,000 ವೋಲ್ಟನ್ನು 415ಕ್ಕೆ ಇಳಿಸುವುದೇ, ಕೆಳಗಿಂದ 415 ಕೊಟ್ಟರೆ ಮೇಲೆ 11,000 ಮಾಡಿ ಕಳಿಸುತ್ತೆ. ಪಕ್ಕದೂರಲ್ಲಿ ಸತ್ತ ತಂತಿ ಅಂತ ಬಟ್ಟೆ ಒಣಗಿಸಿದವರು ಸಾಯ್ತಾರೆ. ಮೊದಲು ಟಿಸಿ ಮೇಲಿನ ಜಿಒಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಕಂಬದ ಸ್ವಿಚ್ಚು) ಇಳಿಸಬೇಕು, ಆಮೇಲೆ ಮನೆಗಳ ಫ್ಯೂಸ್ ಕಿತ್ತು, ಪಂಪ್‌ಹೌಸ್ ಒಂದನ್ನೇ ಉಳಿಸಬೇಕು. ಅದೂ ತ್ರೀ ಫೇಸ್, ಮೂರು ಅಲೆ ಒಂದಕ್ಕೊಂದು 120 ಡಿಗ್ರಿ ಹಿಂದೆ, ಸೆಕೆಂಡಿಗೆ 50 ಸಲ. ಮನುಷ್ಯನ ಕೈಲಿ ಆಗದ್ದು. ಅವನು ಡಿಸಿ ಕೊಡಲಿ, ಸೋಲಾರ್ ಡ್ರೈವ್ ಪೆಟ್ಟಿಗೆ ಅದನ್ನು ಎಸಿ ಮಾಡಲಿ. ಪ್ಯಾನಲಿನ ಜಾಗದಲ್ಲಿ ಅವನು.

ಇನ್ವರ್ಟರ್ ಬ್ಯಾಟರಿ ತುಂಬಿಸಬಹುದು. 12 ವೋಲ್ಟ್, 150 ಆಂಪಿಯರ್ ಅವರ್ ಅಂದರೆ 1.8 ಯೂನಿಟ್. 15 ಆಂಪಿಯರ್ ಮೀರಬಾರದು, 14.4 ವೋಲ್ಟ್ ಮುಟ್ಟಿದ ಮೇಲೆ ಇಳಿಸಬೇಕು. ಮೀರಿದರೆ ನೀರು ಒಡೆದು ಹೈಡ್ರೋಜನ್ ಬರುತ್ತೆ, ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು, ಅವನ ಬೆರಳ ತುದಿಯಲ್ಲಿ ಕಿಡಿಗೇನು ಕೊರತೆ.

ಅರ್ಧವಿರಾಮ
ಇಷ್ಟೆಲ್ಲವನ್ನೂ ಪಾಠದ ಹಾಗೆ ಬರೆದರೆ ಕೊಲೆ. ಲೆಕ್ಕ ನಿಮ್ಮ ಪುಸ್ತಕದಲ್ಲಿರಲಿ, ಪುಟದಲ್ಲಿ ಕೈಕೆಲಸ ಮಾತ್ರ. ಜಿಒಎಸ್ ಎಂದರೇನು ಎಂದು ವಿವರಿಸದೆ ಹೀಗೆ ಬರೆಯಬಹುದು:

"ಕಂಬದ ಬುಡದ ಬೀಗಕ್ಕೆ ಕೀಲಿ ಇರಲಿಲ್ಲ, ಕಲ್ಲಿನಿಂದ ಒಡೆದ. ಹಿಡಿ ಕೆಳಗೆಳೆದಾಗ ಮೇಲೆ ಮೂರು ಬ್ಲೇಡು ಬಾಯಿಬಿಟ್ಟವು. ಒಂದು, ಎರಡು. ಮೂರನೆಯದು ತುಕ್ಕಿಗೆ ಅಂಟಿಕೊಂಡಿತ್ತು. ಬಿಂದಿಗೆ ಹಿಡಿದು ನಿಂತಿದ್ದವರು 'ಇನ್ನೇನಣ್ಣ, ಬಿಡು' ಅಂದರು. ಅವನು ಏಣಿ ಕೇಳಿದ."

ಆ ಮೂರನೇ ಬ್ಲೇಡಿನ ಮೇಲೆ ಇಡೀ ಕಂತು ನಿಲ್ಲುತ್ತದೆ. ಒಂದು ಕಂತಿಗೆ ಒಂದೇ ಅಂಕಿ ಎಂಬ ಕಟ್ಟಳೆ ಹಾಕಿಕೊಳ್ಳಿ.

ಘಟ್ಟದ_ಕೆಳಗೆ
ಕೈಗಾ ಅಣುಸ್ಥಾವರ ಮರೆತೇ ಬಿಟ್ರಲ್ಲ. ಘಟ್ಟದ ಕೆಳಗಿನವರಿಗೆ ಮೊದಲ ಪ್ರಶ್ನೆ ಅದೇ.

ಫ್ಯೂಸ್_ಹೋಯ್ತು
220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್. ನಿಲ್ಲಿಸಿದ ಮೇಲೂ ಇಂಧನ ಬಿಸಿ ಹುಟ್ಟಿಸುತ್ತಲೇ ಇರುತ್ತೆ, ಒಂದು ದಿನ ಕಳೆದ ಮೇಲೂ ಪೂರ್ತಿ ಶಾಖದ ಅರ್ಧ ಶೇಕಡಾದಷ್ಟು, ಒಂದೊಂದರಲ್ಲಿ 4 ಮೆಗಾವ್ಯಾಟ್. ಅದನ್ನು ಹಬೆ ಮಾಡಿ ಕಳಿಸಲು ಸೆಕೆಂಡಿಗೆ ಒಂದೂವರೆ ಲೀಟರ್ ನೀರು ಬೇಕು. ಬೆಚ್ಚಿಬೀಳುವಷ್ಟು ಕಡಿಮೆ ಅಲ್ವಾ? 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿ, 17 ಗಂಟೆ ಘಟಕದಲ್ಲಿ ಕರೆಂಟೇ ಇರಲಿಲ್ಲ. ಉಳಿಸಿದ್ದು ಬೆಂಕಿ ಆರಿಸುವ ಡೀಸೆಲ್ ಪಂಪ್, ಅದರಿಂದಲೇ ಸ್ಟೀಮ್ ಜನರೇಟರುಗಳಿಗೆ ನೀರು ಬಿಟ್ಟರು. ಕೈಗಾದ ಪಕ್ಕ ಕದ್ರಾ ಅಣೆಕಟ್ಟಿದೆ, ನೀರಿಗೆ ಬರವಿಲ್ಲ. ಡೀಸೆಲ್ ಮುಗಿದ ಮೇಲೆ ನೀರೊಳಗೆ ನಿಂತು ಪಂಪ್ ತಿರುಗಿಸುವವರು ಪಾಳಿಯಲ್ಲಿ ಬೇಕು. ಇದು ಇನ್ನೊಂದು ಸರಣಿ, ಇದರಲ್ಲಿ ತುರುಕಬೇಡಿ. ಪಾವಗಡಕ್ಕೆ ಸುದ್ದಿಯಾಗಿ ಮಾತ್ರ ಬರಲಿ, ಅದೂ ತಪ್ಪು ಸುದ್ದಿ.

ಅಂದಹಾಗೆ ಡೀಸೆಲ್ ಒಂದು ವರ್ಷದ ಆಸುಪಾಸು, ತಳದಲ್ಲಿ ನೀರು ಸೇರಿದರೆ ಲೋಳೆ ಕಟ್ಟಿ ಫಿಲ್ಟರ್ ಮುಚ್ಚುತ್ತೆ. ಎಥನಾಲ್ ಬೆರೆಸಿದ ಪೆಟ್ರೋಲ್ ಅದಕ್ಕೂ ಮೊದಲೇ ತೇವ ಹೀರಿ ಎರಡು ಪದರ ಆಗುತ್ತೆ. ಎರಡನೇ ವರ್ಷದಲ್ಲಿ ಯಾರೂ ಬೈಕಲ್ಲಿ ಬೆನ್ನಟ್ಟೋ ಹಾಗಿಲ್ಲ.

ರಾಗಿಕಣ
ಪಾವಗಡದ ನೀರಲ್ಲಿ ಫ್ಲೋರೈಡ್ ಇದೆ, ಅದನ್ನೂ ಸೇರಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ, ಇನ್ನೂ ಮೀರಿದರೆ ವರ್ಷಗಳು ಕಳೆದಂತೆ ಮೂಳೆ ಬಿರುಸಾಗುತ್ತೆ. ಶುದ್ಧ ನೀರಿನ ಘಟಕ ಕರೆಂಟಿಲ್ಲದೆ ಓಡಲ್ಲ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಪರಿಹಾರ ಮಾಳಿಗೆಯಲ್ಲಿದೆ: ನೂರು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ನೂರು ಲೀಟರ್. ಡಿಸೆಂಬರಲ್ಲಿ ಜಗತ್ತು ಮುಳುಗಿಸಿದರೆ ಮೊದಲ ಮಳೆವರೆಗೆ ತೊಟ್ಟಿಯಲ್ಲಿದ್ದಷ್ಟೇ.

ಕಂತುಕೋರ
ಡಿಸೆಂಬರ್, ಚದುರಿದ ಪಾತ್ರಗಳು, ನೀರಿನ ಬಿಸಿ, 2 ಕಿಲೋವ್ಯಾಟ್, ಆರನೇ ಕಂತಿನಲ್ಲಿ ಪಾರ್ಕ್ ಕೈಕೊಡೋದು. ಎಲ್ಲ ಬರೆದುಕೊಂಡೆ. ಐಸ್‌ಕ್ಯಾಂಡಿ ಹುಡುಗಿ ಒಬ್ಬಳು ಉಳಿದಳು. ಅವಳನ್ನು ಇನ್ಸುಲಿನ್ ಕಾಪಾಡುವವಳು ಮಾಡೋಣ ಅಂತ. ತಾಲ್ಲೂಕಿನ ಮೆಡಿಕಲ್ ಶಾಪುಗಳ ದಾಸ್ತಾನು ಅವಳ ವಶ.

ಮುದ್ದೆಲೆಕ್ಕ
ಹೆಪ್ಪುಗಟ್ಟಿಸಿದ ಬಿಸಿ ಅವಳ ಮೈಗೇ ಬರುತ್ತೆ. 28 ಡಿಗ್ರಿಯ ಒಂದು ಕೆಜಿ ನೀರನ್ನು ಮಂಜುಗಡ್ಡೆ ಮಾಡಲು 108 ಕಿಲೋಕ್ಯಾಲರಿ ತೆಗೆಯಬೇಕು. 70 ಕೆಜಿ ಮೈ ಒಂದು ಡಿಗ್ರಿ ಏರೋಕೆ 58 ಸಾಕು. ಅರ್ಧ ಕೆಜಿಗೆ ಒಂದು ಡಿಗ್ರಿ ಜ್ವರ, ಎರಡೂವರೆ ಕೆಜಿಗೆ ಮೈ ಸುಮಾರು 42ಕ್ಕೆ, ಅಂದರೆ ಬಿಸಿಲ ಬಡಿತ. ಹುಡುಗಿ 45 ಕೆಜಿ ಇದ್ದರೆ ಇನ್ನೂ ಬೇಗ. ಹಾಗಾಗಿ ಅವಳು ಲೈನ್‌ಮ್ಯಾನ್ ಜೊತೆ ಒಂದೇ ತೊಟ್ಟಿಯಲ್ಲಿ ನಿಲ್ಲಲಿ. ಅವಳು ಬಿಸಿ ಬಿಡ್ತಾಳೆ, ಅವನು ಹೀರ್ತಾನೆ. ಇಬ್ಬರಿಗೂ ಆಗದಿದ್ದರೂ ಒಬ್ಬರಿಲ್ಲದೆ ಒಬ್ಬರಿಗೆ ಗತಿಯಿಲ್ಲ.

ಎಲುಬುಗೂಡು
ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿಂದ ಹೊರಗೆ, 30 ಡಿಗ್ರಿ ಒಳಗೆ, ಬಹುತೇಕ ಬಗೆಗಳು ನಾಲ್ಕು ವಾರ ತಡೆಯುತ್ತವೆ. ಎರಡು ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ: ಪಾವಗಡದ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಕರಾವಳಿಯ ಮಳೆಗಾಲದಲ್ಲಿ ಏನೇನೂ ಮಾಡಲ್ಲ. ಆದರೆ ಇನ್ಸುಲಿನ್‌ಗೆ ಬಿಸಿಗಿಂತ ದೊಡ್ಡ ಶತ್ರು ಹೆಪ್ಪುಗಟ್ಟೋದು. ಒಮ್ಮೆ ಗಟ್ಟಿಯಾಗಿ ಕರಗಿದ ಬಾಟಲಿ ಕಣ್ಣಿಗೆ ಸರಿಯಾಗೇ ಕಾಣಬಹುದು, ಸಕ್ಕರೆ ಮಾತ್ರ ಇಳಿಸಲ್ಲ. ನಿಮ್ಮ ಹುಡುಗಿ ಒಳ್ಳೆ ಮನಸ್ಸಿಂದ ಬಾಟಲಿಗಳ ಪೆಟ್ಟಿಗೆ ಮೇಲೆ ಕೈಯಿಟ್ಟ ರಾತ್ರಿಯೇ ತಾಲ್ಲೂಕಿನ ದಾಸ್ತಾನು ಪೂರ್ತಿ ಹೋಯ್ತು, ಗೊತ್ತಾಗೋದು ವಾರದ ಮೇಲೆ, ಒಂದೊಂದೇ ಮನೆಯಲ್ಲಿ. ಇದು ಬೇಡ ಅಂದರೆ ಮಂಜುಗಡ್ಡೆಯನ್ನು ಬೇರೆ ಡಬ್ಬಿಯಲ್ಲಿಟ್ಟು, ನಡುವೆ ನಾಲ್ಕು ಮಡಿಕೆ ಗೋಣಿ ಹಾಕಿ, ಬಾಟಲಿ ಪಕ್ಕ ಒಂದು ಥರ್ಮಾಮೀಟರ್ ಇಟ್ಟು, 4 ಡಿಗ್ರಿಗೆ ಬಂದ ಕೂಡಲೇ ಡಬ್ಬಿ ದೂರ ಸರಿಸೋಕೆ ಒಬ್ಬರನ್ನು ಕೂರಿಸಿ.